ಗುರುತಿಲ್ಲದವನಿಗೆ ಶರಣು

ನನ್ನ ತವರು ಅಕ್ಕಲಕೋಟದ ಮಗ್ಗುಲಿನ ಒಂದು ಹಳ್ಳಿ. ಅಲ್ಲಿ ದಾರಿಯಲ್ಲಿ ಎದುರು ಬಂದವರನ್ನು ಮಾತಾಡಿಸದೆ ದಾಟಿದರೆ ಮನೆಯಲ್ಲಿ ಬೈಗುಳ ತಪ್ಪುತ್ತಿರಲಿಲ್ಲ. ‘ಅವರ್ಯಾರೋ ಗೊತ್ತಿಲ್ಲ’ ಅಂದರೆ ಅಪ್ಪ, ‘ಗೊತ್ತಿಲ್ಲಂದ್ರ ಕೇಳಬೇಕವ್ವಾ. ಶರಣ್ರಿ, ಯಾವ ಊರ್ರಿ ಅಂದ್ರ ಗೊತ್ತಾಗತದ’ ಅನ್ನುತ್ತಿದ್ದ.

ಟೆರಿಕಾಟ್ ಬಟ್ಟೆಗೆ ಜನ ಮುಗಿಬೀಳುತ್ತಿದ್ದ ಕಾಲದಲ್ಲಿ ನನ್ನನ್ನು ಸೊಲ್ಲಾಪುರಕ್ಕೆ ಕೊಟ್ಟರು. ನವಿ ಪೇಠದಲ್ಲಿ ಕೆಳಗೆ ಅರಿವೆ ಅಂಗಡಿ, ಮೇಲೆ ಮನೆ. ಮಾವನವರು ಗಾದಿಯ ಮೇಲೆ ಕೂತು, ಮೆಟ್ಟಿಲು ಹತ್ತಿದ ಪ್ರತಿಯೊಬ್ಬರಿಗೂ ಬಾಯ್ತುಂಬ ನಗುತ್ತಿದ್ದರು. ಮರಾಠಿಯವರಿಗೆ ‘ಯಾ, ಬಸಾ’, ನಮ್ಮ ಕಡೆಯವರಿಗೆ ‘ಬರ್ರಿ, ಕುಂಡ್ರಿ’. ಹೊಸ ಸೊಸೆಯಾದ ನನಗೆ ಇದೂ ನಮ್ಮೂರಿನಂಥದೇ ಮನೆ ಅನ್ನಿಸಿ ಸಮಾಧಾನವಾಗಿತ್ತು.

ಮದುವೆಯಾದ ವರ್ಷವೇ ಒಂದು ಮಧ್ಯಾಹ್ನ ಕಾಯಿಪಲ್ಯ ತರಲು ಹೊರಟಿದ್ದೆ. ಓಣಿಯ ತಿರುವಿನಲ್ಲಿ ರುಮಾಲು ಸುತ್ತಿದ ಒಬ್ಬ ರೈತ, ನನ್ನ ಗಂಡನ ವಯಸ್ಸಿನವ, ಹೆಗಲ ಮೇಲೆ ಹೊಸ ಹಗ್ಗದ ಸಿಂಬಿ ಹಾಕಿಕೊಂಡು ಅತ್ತಿತ್ತ ನೋಡುತ್ತ ನಿಂತಿದ್ದ. ರುಮಾಲು ಸುತ್ತಿದ ರೀತಿ ನೋಡಿದೊಡನೆ ನಮ್ಮ ಕಡೆಯವ ಅಂತ ತಿಳಿಯಿತು. ನಕ್ಕು, ‘ಶರಣ್ರಿ, ಯಾವ ಊರ್ರಿ?’ ಅಂದೆ. ಅವನ ಮುಖ ಅರಳಿತು. ಅವನೂರು ನಮ್ಮೂರಿನ ಆಚೆ ಮಗ್ಗುಲಿಗೇ ಇತ್ತು.

‘ಎಸ್ಟಿ ಸ್ಟ್ಯಾಂಡಿಗೆ ಹ್ಯಾಂಗ ಹೋಗ್ಬೇಕು ತಂಗಿ? ಎಷ್ಟ ತಿರಗಿದ್ರೂ ಇಲ್ಲೇ ಬರಾಕತ್ತೀನಿ.’

ಬಸ್ ನಿಲ್ದಾಣದ ದಾರಿ ತೋರಿಸಿದೆ. ಜೋಳ ಹೇಗಿವೆ ಅಂತ ಕೇಳಿದೆ. ‘ಚಲೋ ಅದಾವ’ ಅಂದ, ಹೋದ. ಇಷ್ಟೇ ನಡೆದದ್ದು. ಊರು ಬಿಟ್ಟ ಮೇಲೆ ದಾರಿಯಲ್ಲಿ ಯಾರಾದರೂ ತಂಗಿ ಅಂದದ್ದು ಅದೇ ಮೊದಲು.

ನಾನು ಪಲ್ಯ ತಗೊಂಡು ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ಪಕ್ಕದ ಅಂಗಡಿಯವರು ಮಾವನವರಿಗೆ ಹೇಳಿದ್ದರಂತೆ: ನಿಮ್ಮ ಸೊಸೆ ನಡುಬೀದಿಯಲ್ಲಿ ಯಾವನ ಜೊತೆಗೋ ನಗುತ್ತ ನಿಂತಿದ್ದಳು.

ಅತ್ತೆ ಬಾಗಿಲಲ್ಲೇ ತಡೆದರು. ‘ಯಾರಂವ?’

‘ಗೊತ್ತಿಲ್ರಿ.’

‘ಗೊತ್ತಿಲ್ದಾಂವನ ಕೂಡ ಏನ್ ಮಾತು?’

ದಾರಿ ಕೇಳಿದ, ಹೇಳಿದೆ ಅಂದೆ. ಮೊದಲು ಮಾತಾಡಿಸಿದ್ದು ಯಾರು ಅಂತ ಕೇಳಿದರು. ನಾನೇ ಅಂದೆ. ಸುಳ್ಳು ಹೇಳಬೇಕು ಅಂತ ಹೊಳೆಯಲೇ ಇಲ್ಲ. ಅದರಲ್ಲಿ ಮುಚ್ಚಿಡುವಂಥದು ಏನಿತ್ತು? ಸಂಜೆ ಗಂಡ ಬಂದವನು ನನ್ನ ಮುಖ ನೋಡದೆ, ‘ನಕ್ಕಿ ಯಾಕ?’ ಅಂತ ಅಷ್ಟೇ ಕೇಳಿದ. ಆ ಪ್ರಶ್ನೆಗೆ ಉತ್ತರ ಇರುತ್ತದೆಂದು ಅವನು ನಂಬಿದ್ದನಲ್ಲ, ಅದಕ್ಕೇ ನನ್ನ ಮೈ ಉರಿಯಿತು.

ಅಪ್ಪನಿಗೆ ಹೇಳಿಕಳಿಸಿದರು. ಅಪ್ಪ ಅಕ್ಕಲಕೋಟದ ಬಸ್ಸಿಗೆ ಬಂದ. ಅವನನ್ನು ಮೇಲೆ ಕರೆಯದೆ ಅಂಗಡಿಯಲ್ಲೇ ಕೂರಿಸಿ, ನನ್ನನ್ನು ಕೆಳಗೆ ಕರೆದರು. ಮಾವನವರು ದನಿ ಏರಿಸಲಿಲ್ಲ. ‘ಹಳ್ಳಿ ರೀತಿ ಬ್ಯಾರೆ, ಪೇಠದ ರೀತಿ ಬ್ಯಾರೆ. ಮಗಳಿಗೆ ನೀವ ಹೇಳ್ರಿ’ ಅಂದರು. ನನ್ನ ಅಪ್ಪ ಎದ್ದು ನಿಂತು ಕೈಮುಗಿದ. ‘ತಪ್ಪಾತ್ರಿ. ಸಣ್ಣಾಕಿ, ತಿಳೀಲಿಲ್ಲ.’

ಯಾವುದು ತಪ್ಪು? ಅವನೇ ಕಲಿಸಿದ್ದು ಅದು.

ನಾನು ಸುಮ್ಮನಿರಲಿಲ್ಲ. ‘ಮಾವಾರ, ನೀವು ದಿನಾ ಗುರ್ತಿಲ್ದಾವ್ರಿಗೆ ನಗತೀರಿ’ ಅಂದೆ.

‘ಅದು ವ್ಯಾಪಾರ ಅದ.’

‘ಹಂಗಾರ ನಾ ಪುಕ್ಕಟ ನಕ್ಕಿದ್ದ ತಪ್ಪಾತೇನ್ರಿ?’

ಅಪ್ಪನೇ ‘ಸುಮ್ಮನಿರು’ ಅಂದ. ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಹೋದ. ಅವತ್ತಿನಿಂದ ನಾನು ಒಬ್ಬಳೇ ಹೊರಗೆ ಹೋಗುವುದು ನಿಂತಿತು.

ಲಗ್ನದ ಹಂಗಾಮು ಬಂತು. ದೊಡ್ಡ ಮನೆತನದ ಹೆಂಗಸರು ಜವಳಿ ತೆಗೆಯಲು ಬಂದರೆ ಅವರನ್ನು ಮೇಲೆ ಕರೆದು, ಸೀರೆ ಬಿಚ್ಚಿ ತೋರಿಸುವುದು ನಮ್ಮ ಪದ್ಧತಿ. ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಸೀರೆ ಬಿಚ್ಚಿದೆ, ಮಡಿಚಿದೆ, ಮುಖ ಮಾತ್ರ ಗೋಡೆಯ ಹಾಗೆ ಇಟ್ಟುಕೊಂಡೆ. ‘ಸೊಸಿಗೆ ಅರಾಮಿಲ್ಲೇನ್ರಿ?’ ಅಂತ ಬಂದವರೊಬ್ಬರು ಕೇಳಿದರು. ಅತ್ತೆ ನನ್ನ ಮೊಣಕೈ ಚಿವುಟಿ, ‘ಒಂದೀಟ ನಗು’ ಅಂದರು.

‘ಇವ್ರು ನನಗ ಗುರ್ತಿಲ್ರಿ ಅತ್ತಿ’ ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಆ ರಾತ್ರಿ ಮನೆಯಲ್ಲಿ ರಂಪವಾಯಿತು. ಆದರೆ ಅತ್ತೆ ಮತ್ತೆ ನನ್ನನ್ನು ಜವಳಿಗೆ ಕೂರಿಸಲಿಲ್ಲ. ಮಳೆಗಾಲದ ಹೊತ್ತಿಗೆ ಅವರಿಗೆ ಮೊಣಕಾಲು ನೋವು ಶುರುವಾಗಿ, ಪಲ್ಯದ ಚೀಲವನ್ನು ತಾವೇ ನನ್ನ ಕೈಗೆ ಕೊಟ್ಟರು. ತಪ್ಪಾಯಿತು ಅಂತ ಯಾರೂ ಅನ್ನಲಿಲ್ಲ. ನಾನು ಬೀದಿಗೆ ಇಳಿದು, ಬೇಕಾದವರನ್ನು ಮಾತಾಡಿಸಿದೆ.

ಅಪ್ಪ ಮಾತ್ರ ಆ ಮನೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಸೊಲ್ಲಾಪುರಕ್ಕೆ ಹತ್ತಿ ಮಾರಲು ಬಂದರೂ ದಲ್ಲಾಳಿಯ ಅಡತಿ ಅಂಗಡಿಯಿಂದಲೇ ಹಿಂದಿರುಗುತ್ತಿದ್ದ; ಆಮೇಲೆ ಯಾರೋ ನನಗೆ ಹೇಳುತ್ತಿದ್ದರು. ಗಂಡನ ಮನೆಯವರೊಂದಿಗೆ ಎಷ್ಟೋ ಸಂಗತಿಗಳಲ್ಲಿ ರಾಜಿಯಾಗಿದ್ದೇನೆ, ಚೆನ್ನಾಗಿಯೇ ಬಾಳಿದ್ದೇನೆ. ಅವತ್ತು ಅಪ್ಪನ ಕೈಮುಗಿಸಿದ್ದೊಂದನ್ನು ಕ್ಷಮಿಸಿಲ್ಲ.