ಕಪುಟಾರ್ ಬೆಟ್ಟದ ಗುಲಾಬಿ ಹುಳು

ನಾವು ವಲಸೆ ಬಂದು ನೆಲೆಸಿರುವ ಮಾರ್ಸ್ಡನ್ ಪಾರ್ಕ್‌ನ ಮನೆಯಿಂದ ಬೆಳಿಗ್ಗೆ ಹೊರಟರೆ ಕಪುಟಾರ್ ಬೆಟ್ಟದ ತುದಿ ಮುಟ್ಟುವ ಹೊತ್ತಿಗೆ ಸಂಜೆಯಾಗುತ್ತದೆ. ಎಂದೋ ಬೆಂಕಿ ಉಗುಳಿ ತಣ್ಣಗಾದ ಜ್ವಾಲಾಮುಖಿ ಅದು. ಈಗ ರಕ್ಷಿತ ಕಾಡು. ಸುತ್ತಲಿನ ಬಯಲು ಕಾದು ಒಣಗಿದರೂ ನೆತ್ತಿಯಲ್ಲಿ ತಂಪು, ಪಾಚಿ, ಮಂಜು. ಆ ತಂಪನ್ನೇ ನಂಬಿ ಅಲ್ಲೊಂದು ಜೀವ ಉಳಿದುಕೊಂಡಿದೆ. ಅಂಗೈಗಿಂತ ಉದ್ದದ, ಕಡು ಗುಲಾಬಿ ಬಣ್ಣದ, ಚಿಪ್ಪಿಲ್ಲದ ಬಸವನಹುಳು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಅದನ್ನು ನೋಡಲೇಬೇಕೆಂದು ಹಟ ಹಿಡಿದವಳು ನನ್ನ ಮಗಳು. ನಾರ್ವೆಸ್ಟ್‌ನ ಆಫೀಸಿನಲ್ಲಿ ನನ್ನ ಗಂಡನ ಜೊತೆ ಕೆಲಸ ಮಾಡುವ ಗೆಳೆಯರೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ನಮ್ಮ ಜೊತೆ ಬಂದರು.

ರಾತ್ರಿ ಬೆಟ್ಟದ ಮೇಲೇ ತಂಗಿದ್ದೆವು. ಸುರಿದ ಮಳೆ ನಿಂತಿತ್ತು. ಬೆಳಿಗ್ಗೆ ಮರದ ಬೊಡ್ಡೆಗಳ ಮೇಲೆ ಹುಳುಗಳು ನಿಧಾನವಾಗಿ ಪಾಚಿ ಮೇಯುತ್ತಿದ್ದವು. ಮಗಳು ಒಂದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಗಂಡನ ಗೆಳೆಯರಾದ ಆ ಮಹಾನುಭಾವರು ಸೌತೆಕಾಯಿಗೆಂದು ತಂದಿದ್ದ ಉಪ್ಪಿನ ಡಬ್ಬಿ ತೆಗೆದರು.

"ಬನ್ರೋ, ನಿಮಗೊಂದು ಎಕ್ಸ್‌ಪೆರಿಮೆಂಟ್ ತೋರಿಸ್ತೀನಿ."

"ಡೋಂಟ್, ಅಂಕಲ್," ಎಂದಳು ಮಗಳು. ಅಷ್ಟರಲ್ಲಿ ಉಪ್ಪು ಬಿದ್ದಿತ್ತು.

ಹುಳು ಸುರುಟಿ ನೊರೆಯಾಯಿತು. ಅವರ ಮಕ್ಕಳು ನಕ್ಕರು. ನಾನು ಬಾಟಲಿಯ ನೀರನ್ನೆಲ್ಲ ಅದರ ಮೇಲೆ ಸುರಿದೆ.

"ಏನ್ರೀ ಇದು? ಈ ಬೆಟ್ಟ ಬಿಟ್ರೆ ಎಲ್ಲೂ ಇಲ್ಲ ಅಂತ ಬೋರ್ಡ್ ಓದಿದ್ರಲ್ವಾ?"

"ಒಂದ್ ಹುಳಕ್ಕೆ ಇಷ್ಟೊಂದಾ? ಊರಲ್ಲಿ ಜಿಗಣೆಗೆ ಉಪ್ಪು ಹಾಕ್ತಿರ್ಲಿಲ್ವಾ?"

"ಜಿಗಣೆ ನಮ್ಮನ್ನ ಕಚ್ತಿತ್ತು. ಇದು ನಿಮಗೇನ್ ಮಾಡಿತ್ತು?"

ಗಂಡ ನನ್ನ ತೋಳು ಹಿಡಿದ. "ಬಿಡೇ, ಟ್ರಿಪ್ ಹಾಳು ಮಾಡ್ಬೇಡ."

ನನಗೆ ಮೈ ಉರಿದದ್ದು ಆಗಲೇ. ಉಪ್ಪು ಹಾಕಿದವರಿಂದ ಟ್ರಿಪ್ ಹಾಳಾಗಿರಲಿಲ್ಲ. ನೀರು ಹಾಕಿದ ನನ್ನಿಂದ ಹಾಳಾಗಿತ್ತು.

ಹುಳು ಮತ್ತೆ ಅಲುಗಲಿಲ್ಲ. ಮಗಳು ಅದನ್ನು ಒದ್ದೆ ಎಲೆಗಳ ಮೇಲೆ ಮಲಗಿಸಿದಳು. ನಾನು ನೇರವಾಗಿ ಕೆಳಗೆ, ಅರಣ್ಯ ಸಿಬ್ಬಂದಿಯ ಜೀಪು ನಿಂತಿದ್ದಲ್ಲಿಗೆ ಹೋಗಿ, ಯಾರು ಏನು ಮಾಡಿದರೆಂದು ಹೇಳಿದೆ. ಅವರು ಮೇಲೆ ಬಂದು, ಹೆಸರು ವಿಳಾಸ ಬರೆದುಕೊಳ್ಳಲು ಆ ಗೆಳೆಯರ ಡ್ರೈವಿಂಗ್ ಲೈಸೆನ್ಸ್ ಕೇಳಿದರು. ಅಪ್ಪ, ಮಕ್ಕಳ ನಗು ನಿಂತಿತು.

ವಾಪಸ್ಸು ಬರುವಾಗ ಗಂಡ ಕೇಳಿದ್ದು ಒಂದೇ ಮಾತು: "ನಮ್ಮೋರನ್ನೇ ಹಿಡ್ಕೊಟ್ಯಲ್ಲ?"

"ಹೌದು," ಎಂದೆ.

ಆ ವರ್ಷ ಪ್ಯಾರಮಟ್ಟಾದಲ್ಲಿ ನಮ್ಮವರೆಲ್ಲ ಸೇರಿ ನಡೆಸಿದ ಗಣೇಶನ ಹಬ್ಬದಲ್ಲಿ ಇಬ್ಬರು ಹೆಂಗಸರು ನನ್ನನ್ನು ನೋಡಿಯೂ ನೋಡದಂತೆ ಸರಿದರು. ಹುಳದ ಕಂಪ್ಲೇಂಟ್ ಕೊಟ್ಟವಳು ಎಂದು ಹಿಂದಿನಿಂದ ಯಾರೋ ಅಂದರು. ನಾನು ತಿರುಗಿ ನಿಂತು, ನಡೆದದ್ದನ್ನೆಲ್ಲ ಎಲ್ಲರಿಗೂ ಕೇಳುವಂತೆ ಮೊದಲಿನಿಂದ ಹೇಳಿದೆ.