ಹಲ್ಲಿನಲ್ಲಿದ್ದ ದನಿ

ನಾನು ಲಂಡನ್ನಿನ ಹೌನ್ಸ್ಲೋದಲ್ಲಿ ಹಲ್ಲಿನ ಡಾಕ್ಟರು. ನನ್ನ ಕುರ್ಚಿಯಲ್ಲಿ ಕೂತವರ ಜೀವನಚರಿತ್ರೆ ನನಗೆ ಕಂತುಕಂತಾಗಿ ಸಿಗುತ್ತದೆ. ಯಾಕೆಂದರೆ ರೋಗಿಯ ಬಾಯಿಗೆ ಹತ್ತಿ ತುಂಬಿದ ಮೇಲೆಯೇ ನನಗೆ ಪ್ರಶ್ನೆ ಕೇಳುವ ಚಪಲ ಹುಟ್ಟುವುದು. ಒಬ್ಬ ಸ್ಯಾಕ್ಸೋಫೋನ್ ವಾದಕರ ಕಥೆಯೂ ಹಾಗೇ ಬಂತು: ಅರ್ಧ ಮಾತು, ನಡುವೆ ಬಾಯಿ ಮುಕ್ಕಳಿಸುವುದು, ಉಳಿದರ್ಧ ಮಾತು.

ಎಪ್ಪತ್ತು ದಾಟಿದ ಎತ್ತರದ ಮನುಷ್ಯ. ಅಪ್ಪ ಜಮೈಕಾದಿಂದ ಬಂದು ಲಂಡನ್ನಿನ ಬಸ್ಸುಗಳಲ್ಲಿ ಕಂಡಕ್ಟರಾಗಿದ್ದವರು. ಇವರು ಚರ್ಚಿನಲ್ಲಿ ಊದಲು ಕಲಿತು, ಸೋಹೋದ ನೆಲಮಾಳಿಗೆ ಕ್ಲಬ್ಬುಗಳಲ್ಲಿ ಜಾಝ್ ನುಡಿಸಿ, ಅದರಿಂದ ಹೊಟ್ಟೆ ತುಂಬದೆ ರಿದಮ್ ಅಂಡ್ ಬ್ಲೂಸ್ ಬ್ಯಾಂಡುಗಳಲ್ಲಿ ಜನರನ್ನು ಕುಣಿಸಿದವರು. “ಜಾಝ್ ನನ್ನ ಜಂಬಕ್ಕೆ, ರಿದಮ್ ಅಂಡ್ ಬ್ಲೂಸ್ ನನ್ನ ಊಟಕ್ಕೆ,” ಎನ್ನುತ್ತಿದ್ದರು. ದೊಡ್ಡ ದೊಡ್ಡ ಗಾಯಕರ ಬೆನ್ನ ಹಿಂದೆ ನಿಂತು ನುಡಿಸಿದ್ದರು, ಬೇರೆಯವರ ರೆಕಾರ್ಡುಗಳಲ್ಲಿ ಹೆಸರಿಲ್ಲದೆ ಊದಿದ್ದರು. “ನೀವು ಸೂಪರ್‌ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವಾಗ ಮೇಲಿನಿಂದ ಒಂದು ಸ್ಯಾಕ್ಸೋಫೋನ್ ಕೇಳಿಸುತ್ತದಲ್ಲ, ಅದು ಬಹುಶಃ ನಾನೇ.”

ನಾನೂ ಬಿಡಲಿಲ್ಲ. ನಮ್ಮ ಮಂಗಳೂರಿನ ಕಡೆ ಅದು ಮದುವೆಯ ವಾದ್ಯ, ಜರಿ ಶಾಲು ಹೊದ್ದು ಚಕ್ಕಳಮಕ್ಕಳ ಹಾಕಿ ಕೂತು ಕಲ್ಯಾಣಿ ನುಡಿಸುತ್ತಾರೆ ಎಂದೆ.

“ಕೂತುಕೊಂಡೇ? ಹಾಗಾದರೆ ಕುಣಿಯುವವರು?”

“ಯಾರೂ ಕುಣಿಯುವುದಿಲ್ಲ. ಊಟಕ್ಕೆ ಏಳುತ್ತಾರೆ.”

ಹತ್ತಿ ಹಾರಿ ಬೀಳುವಷ್ಟು ನಕ್ಕರು. ಆಮೇಲೆ ನಾನು ಎಕ್ಸ್‌ರೇ ತೋರಿಸಿದೆ. ಇಬ್ಬರ ನಗುವೂ ನಿಂತಿತು.

ಮೇಲಿನ ಎರಡು ಮುಂದಿನ ಹಲ್ಲುಗಳು ಬುಡ ಬಿಟ್ಟಿದ್ದವು. ಸ್ಯಾಕ್ಸೋಫೋನ್ ನುಡಿಸುವವರು ವಾದ್ಯದ ಊದುವ ಕೊಕ್ಕನ್ನು ಆ ಎರಡು ಹಲ್ಲುಗಳಿಗೇ ಊರಿಕೊಳ್ಳುತ್ತಾರೆ. ಹಲ್ಲು ಅಲುಗಿದರೆ ಸ್ವರ ಅಲುಗುತ್ತದೆ. ಎಂಥ ಹೊತ್ತಿನಲ್ಲಿ ಅಲುಗಿತು ನೋಡಿ! ಜೀವನದಲ್ಲಿ ಮೊದಲ ಸಲ ಅವರನ್ನು ಅವರ ಹೆಸರಿನಲ್ಲೇ ಕಾರ್ಯಕ್ರಮ ಕೊಡಲು ಕರೆದಿದ್ದರು. ಪೂರ್ವ ಲಂಡನ್ನಿನ ಒಂದು ಚಿಕ್ಕ ಸಭಾಂಗಣ, ವಸಂತದಲ್ಲಿ ಒಂದು ಸಂಜೆ, ಹಿಂದೆ ಬ್ಯಾಂಡು, ಮುಂದೆ ಇವರು. “ಇದೊಂದು ನುಡಿಸಿಬಿಡಬೇಕು, ಡಾಕ್ಟರ್,” ಎಂದರು. ಅಷ್ಟೇ ಹೇಳಿದ್ದು.

ಸಂಜೆ ಕ್ಯಾನರಿ ವಾರ್ಫಿನ ಆಫೀಸು ಮುಗಿಸಿ ಬಂದ ಗಂಡನಿಗೆ ಹೇಳಿದೆ. ಅವರು ಶೂ ಬಿಚ್ಚುತ್ತಲೇ, “ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತ ಹೇಳ್ತಾರಲ್ಲ, ಸುಳ್ಳಲ್ಲ ಮಾರಾಯ್ತಿ. ಈಗ ನೀನು ಎಂತ ಮಾಡ್ತಿ?” ಎಂದರು. ಎಂತ ಮಾಡುವುದೆಂದು ನನಗೂ ಗೊತ್ತಿರಲಿಲ್ಲ. ಮುಂದಿನ ಸಲ ವಾದ್ಯ ತರಲು ವಾದಕರಿಗೆ ಹೇಳಿದ್ದೆ, ಅಷ್ಟೇ.

ಮಧ್ಯಾಹ್ನದ ಬಿಡುವಿನಲ್ಲಿ ತಂದರು. ಆ ಸಣ್ಣ ಕೋಣೆಯಲ್ಲಿ ಸಡಿಲ ಹಲ್ಲಿನಿಂದಲೇ, ಮೆಲ್ಲಗೆ, ಒಂದೇ ಸ್ವರ ಹಿಡಿದರು. ಟ್ರೇಯಲ್ಲಿದ್ದ ನನ್ನ ಉಪಕರಣಗಳು ಕಿಣಿಕಿಣಿ ಎಂದವು. ಮೇಲೆ ಹೀಥ್ರೋಗೆ ಇಳಿಯುವ ವಿಮಾನ ಬಂದಿತೋ ಹೋಯಿತೋ ತಿಳಿಯಲಿಲ್ಲ. ಹಲ್ಲು ಎಷ್ಟು ಅಲುಗುತ್ತದೆಂದು ನೋಡಲು ಗ್ಲೌಸ್ ಹಾಕಿದ ಬೆರಳನ್ನು ಅದರ ಮೇಲಿಟ್ಟೆ. ದೇವರೇ! ಆ ಸ್ವರ ಹಲ್ಲಿನೊಳಗೆ ಹರಿಯುತ್ತಿತ್ತು. ನನ್ನ ಬೆರಳಿಗೆ ಹತ್ತಿ ಮೊಣಕೈವರೆಗೆ ಬಂತು. ಸಾವಿರಾರು ಬಾಯಿಗಳಲ್ಲಿ ಕೈಯಿಟ್ಟವಳು ನಾನು, ಹಲ್ಲೆಂದರೆ ಅಗಿಯುವ ಸಾಮಾನು ಎಂದುಕೊಂಡವಳು. ಕೈ ತೆಗೆಯಲು ಮನಸ್ಸೇ ಬರಲಿಲ್ಲ.

ಹಲ್ಲುಗಳನ್ನು ಉಳಿಸಲಾಗಲಿಲ್ಲ. ಕೀಳುವ ಮೊದಲು ಅಚ್ಚು ತೆಗೆದುಕೊಂಡು, ಸವೆದ ಅಂಚು, ಒಂದರ ಮೇಲೊಂದು ಚೂರು ವಾಲಿದ ರೀತಿ, ಎಲ್ಲವನ್ನೂ ಇದ್ದ ಹಾಗೇ ನಕಲು ಮಾಡಿಸಿದೆ. ಚೆಂದ ಮಾಡಲು ಕೈ ತುರಿಸುತ್ತಿತ್ತು, ತಡೆದುಕೊಂಡೆ. ಅಕ್ಕಪಕ್ಕದ ಹಲ್ಲುಗಳಿಗೆ ಕಟ್ಟಿ ಕೂರಿಸಿದೆ. ಬಂಡೆಯ ಹಾಗೆ ಕೂತಿತು. ಗಾಯ ಮಾಗಿದ ಮೇಲೆ ಮತ್ತೆ ಒಂದು ಮಧ್ಯಾಹ್ನ ವಾದ್ಯ ಹಿಡಿದು ಬಂದರು.

ನುಡಿಸಿದರು. ಅಹಾ, ಎಂಥ ತುಂಬಿದ ಸ್ವರ! ಸ್ವಲ್ಪವೂ ನಡುಗಲಿಲ್ಲ. ರಿಸೆಪ್ಶನ್ನಿನ ಹುಡುಗಿ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದಳು. ನಾನಂತೂ ಹಿಗ್ಗಿ ಹೀರೇಕಾಯಿಯಾಗಿದ್ದೆ. ಅವರು ನಡುವೆಯೇ ನಿಲ್ಲಿಸಿ ವಾದ್ಯವನ್ನು ಮಡಿಲಿಗಿಳಿಸಿದರು.

“ಇದು ನಾನಲ್ಲ.”

“ಅದೇ ಆಕಾರ, ಅದೇ ಅಳತೆ. ನಮಗೆ ಮೊದಲಿಗಿಂತ ಚೆನ್ನಾಗಿ ಕೇಳಿಸಿತು,” ಎಂದೆ.

“ನಿಮಗೆ ಕೇಳಿಸಿತು. ನನಗೆ ಕೇಳಿಸುತ್ತಿಲ್ಲ.”

ಕಿವಿಯಲ್ಲೇನಾದರೂ ತೊಂದರೆಯೋ ಎಂದು ಕೇಳಬೇಕೆನ್ನುವಷ್ಟರಲ್ಲಿ ನನ್ನ ಬೆರಳಿಗೆ ಹತ್ತಿದ್ದು ನೆನಪಾಯಿತು. ಹಲ್ಲಿನ ಬೇರಿನಿಂದ ದವಡೆಗೆ, ದವಡೆಯಿಂದ ತಲೆಬುರುಡೆಗೆ, ಅಲ್ಲಿಂದ ಕಿವಿಯ ಒಳಗೆ: ಬಾಲ್ಯದಿಂದ ಅವರು ತಮ್ಮನ್ನು ತಾವು ಕೇಳಿಸಿಕೊಂಡದ್ದು ಆ ಒಳದಾರಿಯಿಂದ. ನಾನು ಕಟ್ಟಿದ ಹಲ್ಲಿಗೆ ಬೇರಿಲ್ಲ. ದನಿ ಬಾಯಲ್ಲೇ ನಿಂತುಬಿಡುತ್ತಿತ್ತು. ಮನಸ್ಸಿಗೆ ತುಂಬಾ ಕಷ್ಟವಾಯಿತು, ಹಾಗೆಂದು ಬಾಯಿಬಿಟ್ಟೇ ಹೇಳಿದೆ. ಅದನ್ನು ಮರಳಿಸಲು ನನ್ನ ಕೈಲಾಗದು ಎಂದೂ ಹೇಳಿದೆ.

ಅವರು ಕಾರ್ಯಕ್ರಮವನ್ನು ಬೇಡವೆನ್ನುತ್ತಾರೆ ಎಂದೇ ನಾನು ತಿಳಿದೆ. ವಾದ್ಯವನ್ನು ಪೆಟ್ಟಿಗೆಯ ಹತ್ತಿರ ಒಯ್ದೂ ಒಯ್ದರು. ಆಮೇಲೆ ಏನು ಹೊಳೆಯಿತೋ, ವಾದ್ಯ ಹಿಡಿದೇ ಬಾಗಿಲಿಗೂ ಕಪಾಟಿಗೂ ನಡುವಿನ ಮೂಲೆಗೆ ಹೋದರು. ಮೇಷ್ಟರು ಶಿಕ್ಷೆ ಕೊಟ್ಟ ಹುಡುಗನ ಹಾಗೆ ಗೋಡೆಗೆ ಮುಖ ಮಾಡಿ ನಿಂತರು. ಊದಿದರು.

ಗೋಡೆಯಿಂದ ತಿರುಗಿ ಬಂದ ಸ್ವರ ನೇರ ಅವರ ಮುಖಕ್ಕೇ ಬಂತು. ಬೆನ್ನು ನೆಟ್ಟಗಾದದ್ದು ನನಗೆ ಹಿಂದಿನಿಂದ ಕಂಡಿತು. ನಿಲ್ಲಿಸಿ ಆಲಿಸಿದರು, ಇನ್ನೊಂದು ಸಾಲು ನುಡಿಸಿ ಮತ್ತೆ ಆಲಿಸಿದರು.

“ನೀವೆಲ್ಲ ಕೇಳುತ್ತಿದ್ದದ್ದು ಇದನ್ನೇ?” ಎಂದು ತಿರುಗದೆಯೇ ಕೇಳಿದರು.

“ಇದನ್ನೇ.”

“ಇಷ್ಟು ವರ್ಷವೂ?”

“ಹೌದು.”

“ರೆಕಾರ್ಡುಗಳಲ್ಲಿ ಇವನು ಯಾರದೋ ಬೆನ್ನ ಹಿಂದೆ ಇರುತ್ತಿದ್ದ. ಈ ಮನುಷ್ಯನನ್ನು ಎದುರಿಗೆ ನಾನು ಇವತ್ತೇ ನೋಡುತ್ತಿರುವುದು,” ಎಂದರು. ಆಮೇಲೆ, “ಪರವಾಗಿಲ್ಲ ಕಣಮ್ಮ. ಇವನು ಚೆನ್ನಾಗಿ ನುಡಿಸುತ್ತಾನೆ,” ಎಂದರು.

ಹೊರಗೆ ಎರಡು ಗಂಟೆಯ ರೋಗಿ ಬಂದು ಕೂತಾಗಿತ್ತು. ವಾದಕರು ಗೋಡೆಯ ಕಡೆಗೇ ಮುಖ ಮಾಡಿ ಮೊದಲಿನಿಂದ ಶುರು ಮಾಡಿದರು. ನಾನು ಯಾರನ್ನೂ ಒಳಗೆ ಕರೆಯಲಿಲ್ಲ.