ನಿಂಬೆಹಣ್ಣಿನ ಮುಂದೆ ಜರ್ಮನ್ ಟ್ಯಾಂಕು

ಮಿತ್ರರೇ, ಮಹಾಯುದ್ಧದ ಜರ್ಮನ್ ಟ್ಯಾಂಕೊಂದು ಇವತ್ತು ಬೆಳಿಗ್ಗೆ ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಅಂಗಳದಲ್ಲಿ ಪುಡಿಯಾಗುವುದರಲ್ಲಿತ್ತು. ಅಂಗೈಯಷ್ಟು ದೊಡ್ಡ ಮಾದರಿ. ಅಂಗಡಿಯ ಕಿಟ್ ಅಲ್ಲ, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಾನೇ ಕಟ್ಟಿದ್ದು. ತೋಪಿನ ನಳಿಗೆ ಹಳೆಯ ಪೆನ್ನಿನ ರೀಫಿಲ್ಲು. ಗಾಲಿಗಳ ಸುತ್ತಲಿನ ಪಟ್ಟಿಯನ್ನಂತೂ ಉಗುರಿಗಿಂತ ಸಣ್ಣ ತುಂಡುಗಳನ್ನು ಒಂದೊಂದಾಗಿ ಅಂಟಿಸಿ ಮಾಡಿದ್ದೆ.

ಇವತ್ತು ಖಂಡೆ ಪೂಜೆ, ಅಂದರೆ ಆಯುಧಪೂಜೆ, ಮನೆಯ ಗಾಡಿಗಳಿಗೆಲ್ಲ ಹಬ್ಬ. ಅಪ್ಪನ ಸ್ಕೂಟರಿನ ಪಕ್ಕದಲ್ಲೇ ಅವ್ವ ನನ್ನ ಟ್ಯಾಂಕನ್ನೂ ಇಟ್ಟು, ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿದಳು. ಅಲ್ಲಿಯವರೆಗೆ ನನಗೂ ಭಕ್ತಿಯೇ. ಆಮೇಲೆ ಅದರ ಮುಂದೆ ಒಂದು ದಪ್ಪ ನಿಂಬೆಹಣ್ಣು ಇಟ್ಟಳು.

“ಹೂಂ, ತುಳಸು.”

“ಅವ್ವಾ, ಪಟ್ಟಿ ಮುರೀತೈತಿ! ತಿಂಗಳಗಟ್ಲೆ ಕುಂತು ಅಂಟಿಸೇನಿ.”

“ಗಾಲಿ ಇದ್ದ ಮ್ಯಾಲ ನಿಂಬಿಹಣ್ಣು ತುಳೀಬೇಕು. ನೀ ಸರಿ, ನಾನ ದಬ್ಬತೇನಿ.”

ಅವ್ವನ ಕೈ ಟ್ಯಾಂಕಿನ ಬೆನ್ನಿಗೆ ಬಂತು. ನಾನು ಕೈಮುಗಿದು, ಸ್ವಾಮಿಗಳ ಧಾಟಿಯಲ್ಲಿ ನಿವೇದಿಸಿದೆ: “ಇದಿನ್ನೂ ಕೂಸು ಅವ್ವಾ. ಕೂಸಿನ ಪರವಾಗಿ ಹಿರ್ಯಾರು ತುಳದ್ರ ನಡೀತೈತಿ. ಅಪ್ಪನ ಸ್ಕೂಟರ್ ಐತೆಲ್ಲ?”

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಸ್ಕೂಟರ್ ಒರೆಸುತ್ತಲೇ ಹೇಳಿದ, “ಶಾಸ್ತ್ರದಾಗ ಐತಿ, ಐತಿ.”

“ಹಂಗಾರ ಅದರ ಪಾಲಿನ ಹಣ್ಣೂ ನಿಮ್ಮ ಗಾಲಿ ಕೆಳಗ ಇಟ್ಕೋರಿ.”

ಸ್ಕೂಟರ್ ಮುಂದೆ ಹೋಯಿತು, ನಿಂಬೆಹಣ್ಣು ಅಪ್ಪಚ್ಚಿಯಾಯಿತು, ನನಗೆ ಉಸಿರು ಬಂತು. ಪಟ್ಟಿಯ ಒಂದು ತುಂಡೂ ಅಲುಗಿಲ್ಲ.

ಅರ್ಧ ಯುರೋಪನ್ನು ತುಳಿದ ವಂಶದ ಗಾಡಿಗೆ ಒಂದು ನಿಂಬೆಹಣ್ಣು ತುಳಿಯಲು ಹುಬ್ಬಳ್ಳಿಯ ಸ್ಕೂಟರಿನ ನೆರವು ಬೇಕಾಯಿತೆಂದು ಇತಿಹಾಸಕಾರರು ದಯವಿಟ್ಟು ಬರೆದುಕೊಳ್ಳಬೇಕು.